ನಾಲ್ಕು ವರ್ಷ ಸೋಲದ ವಿಂಕ್ಸ್: ರೇಸ್ ಕುದುರೆಯೊಂದರ ಬದುಕನ್ನು ಕುಣಿಗಲ್‌ನಲ್ಲಿ ಕೂತು ಅರಿಯುವುದು

ಕುಣಿಗಲ್ ಬಸ್ ನಿಲ್ದಾಣದ ಟೀ ಅಂಗಡಿಗಳಲ್ಲಿ ಈಚೆಗೆ ಕುದುರೆ ಮಾತು ಜಾಸ್ತಿಯಾಗಿದೆ. ಸ್ಟಡ್ ಫಾರ್ಮಿನ ಜಾಗ ಮುಂದೆ ಏನಾಗುತ್ತದೆ, ಬೆಂಗಳೂರಿನ ರೇಸ್ ಕೋರ್ಸ್ ಇತ್ತ ಬರುತ್ತದೆಯೇ ಎಂಬ ಚರ್ಚೆ ಪತ್ರಿಕೆಗಳಿಂದ ಇಳಿದು ಊರಿನ ಜಗಲಿಗೂ ಬಂದಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗವದು. ನಾನೂರು ಎಕರೆಗೂ ಮಿಕ್ಕಿದ ಆ ಹಸಿರಿನ ಪಕ್ಕದಲ್ಲೇ ನಾವು ಹುಟ್ಟಿ ಬೆಳೆದವರು. ಆದರೂ ಒಳಗೆ ಮೇಯುವ ಕುದುರೆಗಳ ಬಗ್ಗೆ ನಮಗೆ ಗೊತ್ತಿರುವುದು ತೀರಾ ಕಡಿಮೆ. ಹಳ್ಳಿಕಾರ್ ಹೋರಿಯ ಸುಳಿ, ಹಲ್ಲು, ಬಣ್ಣ ನೋಡಿ ಬೆಲೆ ಕಟ್ಟುವ ನಮ್ಮ ರೈತರಿಗೆ ರೇಸ್ ಕುದುರೆ ಎಂದರೆ ‘ದುಡ್ಡಿದ್ದವರ ಪ್ರಾಣಿ’, ಅಷ್ಟೇ.

ಮೊನ್ನೆ ಪಿಯುಸಿ ಓದುವ ನನ್ನ ಅಕ್ಕನ ಮಗಳು ಕೇಳಿದಳು: ‘ಹೆಣ್ಣು ಕುದುರೆ ಗಂಡು ಕುದುರೆಗಳ ಜೊತೆ ಓಡಿ ಗೆಲ್ಲುತ್ತಾ ಮಾಮ?’ ಗೆಲ್ಲುತ್ತದೆ. ಒಂದು ಹೆಣ್ಣು ಕುದುರೆ ಹಾಗೆ ಸತತವಾಗಿ 33 ರೇಸ್ ಗೆದ್ದಿದೆ. ಅದರ ಹೆಸರು ವಿಂಕ್ಸ್, ಊರು ಆಸ್ಟ್ರೇಲಿಯಾ. ಆದರೆ 33 ಎಂಬ ಅಂಕಿ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಮೊದಲು ಈ ಪ್ರಾಣಿ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಯಾವುದರ ಮೇಲೆ ನಿಂತು ಓಡುತ್ತದೆ ಎಂಬುದು ಗೊತ್ತಿರಬೇಕು. ಅಲ್ಲಿಂದಲೇ ಶುರು ಮಾಡುತ್ತೇನೆ.

ಥರೋಬ್ರೆಡ್ ಎಂದರೆ ಏನು

ಕುದುರೆಗಳಲ್ಲಿ ನೂರಾರು ತಳಿಗಳಿವೆ. ಗಾಡಿ ಎಳೆಯುವವು ಬೇರೆ, ಬೆಟ್ಟದ ತಟ್ಟುಗಳು ಬೇರೆ, ನಮ್ಮ ದೇಶದವೇ ಆದ ಮಾರ್ವಾಡಿ, ಕಾಠಿಯಾವಾಡಿ ಬೇರೆ. ಬೆಂಗಳೂರು, ಮೈಸೂರು ರೇಸ್ ಕೋರ್ಸುಗಳಲ್ಲಿ ಓಡುವುದು, ಕುಣಿಗಲ್ ಫಾರ್ಮಿನಲ್ಲಿ ಹುಟ್ಟುವುದು ಥರೋಬ್ರೆಡ್ ಎಂಬ ಒಂದೇ ತಳಿ. ಹದಿನೇಳನೇ ಶತಮಾನದ ಕೊನೆ ಮತ್ತು ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನವರು ತಮ್ಮ ಹೆಣ್ಣು ಕುದುರೆಗಳಿಗೆ ಪೂರ್ವ ದೇಶಗಳಿಂದ ತಂದ ಗಂಡು ಕುದುರೆಗಳನ್ನು ಕೂಡಿಸಿ ಈ ತಳಿ ಮಾಡಿದರು. ಇಂದು ಜಗತ್ತಿನಲ್ಲಿರುವ ಯಾವುದೇ ಥರೋಬ್ರೆಡ್‌ನ ಗಂಡು ವಂಶ ಹಿಡಿದು ಹಿಂದಕ್ಕೆ ಹೋದರೆ ಮೂರೇ ಕುದುರೆಗಳ ಬಳಿ ಬಂದು ನಿಲ್ಲುತ್ತೇವೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್.

ಈ ವಂಶಾವಳಿ ಬಾಯಿಮಾತಿನದಲ್ಲ. 1791ರಲ್ಲಿ ಇಂಗ್ಲೆಂಡಿನಲ್ಲಿ ಜನರಲ್ ಸ್ಟಡ್ ಬುಕ್ ಎಂಬ ದಾಖಲೆ ಪುಸ್ತಕ ಶುರುವಾಯಿತು. ಅಪ್ಪ, ಅಮ್ಮ ಇಬ್ಬರ ಹೆಸರೂ ಅಂಥ ಪುಸ್ತಕದಲ್ಲಿದ್ದರೆ ಮಾತ್ರ ಮರಿಗೆ ಅದರಲ್ಲಿ ಜಾಗ. ನಮ್ಮ ದೇಶದಲ್ಲಿ ಈ ಕೆಲಸವನ್ನು ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ ಮಾಡುತ್ತದೆ. ಪ್ರತಿ ಮರಿಯ ಡಿಎನ್‌ಎ ಪರೀಕ್ಷೆ ಆಗುತ್ತದೆ, ಚರ್ಮದಡಿ ಮೈಕ್ರೋಚಿಪ್ ಸೇರುತ್ತದೆ. ನನಗೆ ತುಂಬ ಹಿಡಿಸಿದ ಸಂಗತಿ ಇನ್ನೊಂದಿದೆ. ಕುದುರೆಯ ಗುರುತಿನ ದಾಖಲೆಯಲ್ಲಿ ಅದರ ಸುಳಿಗಳನ್ನೂ ಗುರುತು ಹಾಕುತ್ತಾರೆ. ಹಣೆಯಲ್ಲಿ ಎಲ್ಲಿ ಸುಳಿಯಿದೆ, ಕತ್ತಿನ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂದು ಚಿತ್ರದ ಮೇಲೆ ತೋರಿಸಬೇಕು. ಸಿದ್ಧಗಂಗೆ ಜಾತ್ರೆಯಲ್ಲಿ ನಮ್ಮ ಹಿರಿಯರು ಎತ್ತಿನ ಮೈಮೇಲೆ ಕೈಯಾಡಿಸಿ ಹುಡುಕುವುದೂ ಇದನ್ನೇ. ಅವರಿಗೆ ಸುಳಿ ಎಂದರೆ ಶಕುನ, ಸ್ಟಡ್ ಬುಕ್ಕಿಗೆ ಅದು ಹೆಬ್ಬೆಟ್ಟಿನ ಗುರುತಿದ್ದಂತೆ. ಒಂದರಂತೆ ಇನ್ನೊಂದು ಕುದುರೆಗೆ ಇರುವುದಿಲ್ಲ.

ಇನ್ನೊಂದು ನಿಯಮ ನಮ್ಮ ಕಡೆಯ ಹೈನುಗಾರರಿಗೆ ವಿಚಿತ್ರ ಎನಿಸಬಹುದು. ಕೋಲಾರ, ಚಿಕ್ಕಬಳ್ಳಾಪುರದ ಯಾವ ಹಳ್ಳಿಗೆ ಹೋದರೂ ಹಸು ಬೆದೆಗೆ ಬಂದರೆ ಡೇರಿಗೆ ಫೋನ್ ಮಾಡಿ ಇಂಜೆಕ್ಷನ್ ಕೊಡಿಸುತ್ತಾರೆ, ಬೀಜದ ಹೋರಿಯ ಮುಖ ಯಾರೂ ನೋಡಿರುವುದಿಲ್ಲ. ಥರೋಬ್ರೆಡ್‌ಗೆ ಇದು ನಿಷಿದ್ಧ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ಯಾವ ದೇಶದ ಸ್ಟಡ್ ಬುಕ್ಕೂ ಒಪ್ಪುವುದಿಲ್ಲ, ಜೋಡಿ ಕೂಡಿಸಿಯೇ ಮರಿ ಪಡೆಯಬೇಕು. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ವಿಂಕ್ಸ್ ಓಟ ಮುಗಿಸಿ ತಾಯಿಯಾಗುವ ಹೊತ್ತಿಗೆ ಬೇಕಾಗುತ್ತದೆ.

ಹುಟ್ಟು, ಗಿಣ್ಣು ಹಾಲು, ಒಂದೇ ದಿನದ ಹುಟ್ಟುಹಬ್ಬ

ಕುದುರೆಯ ಗಬ್ಬ ಸುಮಾರು ಹನ್ನೊಂದು ತಿಂಗಳು. ಬಹುಪಾಲು ರಾತ್ರಿ ಹೊತ್ತಿನಲ್ಲೇ ಈಯುತ್ತದೆ. ಮರಿ ಹುಟ್ಟಿದ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಗೆ ಕಸ ಬೀಳಬೇಕು. ಫಾರ್ಮುಗಳಲ್ಲಿ ಲೆಕ್ಕ ಹಾಕುವುದು ಹೀಗೆಯೇ. ಮೊದಲ ಗಿಣ್ಣು ಹಾಲು ಕರುವಿಗೆ ಹೇಗೋ ಕುದುರೆ ಮರಿಗೂ ಹಾಗೆಯೇ. ರೋಗ ತಡೆಯುವ ಶಕ್ತಿ ಹೊಟ್ಟೆಯೊಳಗಿದ್ದಾಗ ತಾಯಿಯಿಂದ ಮರಿಗೆ ದಾಟುವುದಿಲ್ಲ, ಈ ಹಾಲಿನಲ್ಲೇ ದಾಟಬೇಕು. ಮೊದಲ ದಿನದೊಳಗೆ ಸಿಗದಿದ್ದರೆ ಆಮೇಲೆ ಎಷ್ಟು ಕುಡಿಸಿದರೂ ಪ್ರಯೋಜನವಿಲ್ಲ.

ವಿಂಕ್ಸ್ ಹುಟ್ಟಿದ್ದು 2011ರ ಸೆಪ್ಟೆಂಬರ್ 14ರಂದು. ತಂದೆ ಸ್ಟ್ರೀಟ್ ಕ್ರೈ, ತಾಯಿ ನ್ಯೂಜಿಲೆಂಡ್ ಮೂಲದ ವೇಗಾಸ್ ಶೋಗರ್ಲ್. ಸ್ಟ್ರೀಟ್ ಕ್ರೈ 2002ರ ದುಬೈ ವರ್ಲ್ಡ್ ಕಪ್ ಗೆದ್ದ ಕುದುರೆ. ಅಮೆರಿಕದಲ್ಲಿ 20 ರೇಸಿನಲ್ಲಿ 19 ಗೆದ್ದು, ಕೊನೆಯದೊಂದರಲ್ಲಿ ಮಾತ್ರ ಸೋತ ಜೆನ್ಯಾಟಾ ಎಂಬ ಹೆಣ್ಣು ಕುದುರೆಗೂ ಅವನೇ ಅಪ್ಪ. ಎರಡು ಖಂಡಗಳ ಎರಡು ಮಹಾನ್ ಹೆಣ್ಣು ಕುದುರೆಗಳು ಒಂದೇ ತಂದೆಯ ಮಕ್ಕಳು.

ಕಾಗದದ ಲೆಕ್ಕದಲ್ಲಿ ವಿಂಕ್ಸ್ ಹುಟ್ಟುಹಬ್ಬ ಆಗಸ್ಟ್ 1. ಭೂಮಿಯ ಉತ್ತರಾರ್ಧದಲ್ಲಿ, ನಮ್ಮ ದೇಶವೂ ಸೇರಿ, ಎಲ್ಲ ಥರೋಬ್ರೆಡ್‌ಗಳಿಗೂ ಜನವರಿ 1ಕ್ಕೆ ವಯಸ್ಸು ಏರುತ್ತದೆ, ದಕ್ಷಿಣದ ಆಸ್ಟ್ರೇಲಿಯಾದಲ್ಲಿ ಆಗಸ್ಟ್ 1ಕ್ಕೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರಲ್ಲ, ಹಾಗೆ. ಒಂದೇ ವಯಸ್ಸಿನವನ್ನು ಒಟ್ಟಿಗೆ ಓಡಿಸಲು ಈ ವ್ಯವಸ್ಥೆ. ಆದರೆ ಇದರಿಂದ ಒಂದು ತೊಡಕಿದೆ. ಜನವರಿಯಲ್ಲಿ ಹುಟ್ಟಿದ ಮರಿಯೂ ಮೇ ತಿಂಗಳಲ್ಲಿ ಹುಟ್ಟಿದ ಮರಿಯೂ ರೇಸಿನ ಲೆಕ್ಕಕ್ಕೆ ಒಂದೇ ವಯಸ್ಸಿನವಾಗಿಬಿಡುತ್ತವೆ. ಆದ್ದರಿಂದ ಮರಿ ಆದಷ್ಟು ಬೇಗ ಹುಟ್ಟಲಿ ಎಂದು ಎಲ್ಲ ಫಾರ್ಮುಗಳೂ ಬಯಸುತ್ತವೆ. ಹಗಲು ಉದ್ದವಾದಾಗ ಮಾತ್ರ ಹೆಣ್ಣು ಕುದುರೆ ಬೆದೆಗೆ ಬರುವುದು. ಅದಕ್ಕೇ ಹಲವು ಕಡೆ ಸಂಜೆಯ ಮೇಲೂ ಲಾಯದಲ್ಲಿ ದೀಪ ಉರಿಸಿ, ಹಗಲು ಉದ್ದವಾಯಿತೆಂದು ಅದರ ಮೈಗೆ ಅನಿಸುವಂತೆ ಮಾಡುತ್ತಾರೆ.

ಇಲ್ಲಿ ಎರಡು ಮಾತಿನ ಅರ್ಥ ತಿಳಿದಿರಲಿ. ಎಳೆಯ ಹೆಣ್ಣು ಕುದುರೆಗೆ ಫಿಲ್ಲಿ ಎನ್ನುತ್ತಾರೆ, ಬೆಳೆದದ್ದಕ್ಕೆ ಮೇರ್. ಆಸ್ಟ್ರೇಲಿಯಾದಲ್ಲಿ ನಾಲ್ಕು ವರ್ಷಕ್ಕೆ ಫಿಲ್ಲಿ ಮೇರ್ ಆಗುತ್ತದೆ. ಎಳೆ ಗಂಡು ಕೋಲ್ಟ್, ಬೀಜದ ಗಂಡು ಸ್ಟಾಲಿಯನ್, ಬೀಜ ಒಡೆಸಿದ್ದು ಗೆಲ್ಡಿಂಗ್.

ಗೂಡಿನ ಮಾರುಕಟ್ಟೆಯಂಥ ಹರಾಜು

ಐದಾರು ತಿಂಗಳಿಗೆ ಮರಿಯನ್ನು ತಾಯಿಯಿಂದ ಬಿಡಿಸುತ್ತಾರೆ. ಒಂದು ವರ್ಷ ದಾಟಿದ ಮರಿಗೆ ಇಯರ್ಲಿಂಗ್ ಎಂದು ಹೆಸರು, ಅದು ಹರಾಜಿಗೆ ಬರುವ ವಯಸ್ಸು. ಆ ಹೊತ್ತಿಗೆ ಅದು ಒಂದು ರೇಸೂ ಓಡಿರುವುದಿಲ್ಲ, ಬೆನ್ನ ಮೇಲೆ ಜೀನು ಕೂಡ ಬಿದ್ದಿರುವುದಿಲ್ಲ. ಹಾಗಾದರೆ ಬೆಲೆ ಕಟ್ಟುವುದು ಹೇಗೆ?

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ರೀಲರ್ ಬಂದು ಗೂಡನ್ನು ಕೈಯಲ್ಲಿ ಹಿಡಿಯುತ್ತಾನೆ, ಒತ್ತಿ ನೋಡುತ್ತಾನೆ, ಕಿವಿಯ ಹತ್ತಿರ ಅಲುಗಾಡಿಸುತ್ತಾನೆ, ಯಾವ ಊರಿನ ಯಾರ ಗೂಡು ಎಂದು ಕೇಳುತ್ತಾನೆ. ಎಷ್ಟು ನೂಲು ಬರುತ್ತದೆ ಎಂಬುದು ಮಾತ್ರ ಬಿಸಿನೀರಿಗೆ ಹಾಕಿ ಬಿಚ್ಚಿದ ಮೇಲೇ ಗೊತ್ತಾಗುವುದು. ಕುದುರೆ ಕೊಳ್ಳುವವರು ಮೊದಲು ಮನೆತನ ನೋಡುತ್ತಾರೆ, ಅದರಲ್ಲೂ ತಾಯಿಯ ಕಡೆಯ ಅಕ್ಕ, ತಂಗಿ, ಅಜ್ಜಿ ಎಷ್ಟು ದೊಡ್ಡ ರೇಸ್ ಗೆದ್ದಿದ್ದಾರೆ ಎಂದು. ಆಮೇಲೆ ಮರಿಯನ್ನು ಎದುರಿಗೆ ಬರುವಂತೆ, ಹಿಂದಕ್ಕೆ ಹೋಗುವಂತೆ ನಡೆಸಿ ಕಾಲು ನೇರವಾಗಿ ಬೀಳುತ್ತದೆಯೇ ಎಂದು ಗಮನಿಸುತ್ತಾರೆ. ಎಕ್ಸ್‌ರೇ ತೆಗೆಸುತ್ತಾರೆ, ಗಂಟಲೊಳಗೆ ಕ್ಯಾಮೆರಾ ಇಳಿಸಿ ಉಸಿರು ನಾಳ ಸರಿಯಿದೆಯೇ ಎಂದು ಪರೀಕ್ಷಿಸುತ್ತಾರೆ. ಇಷ್ಟಾದ ಮೇಲೂ ಉಳಿಯುವುದು ಅಂದಾಜೇ.

2013ರಲ್ಲಿ ಗೋಲ್ಡ್ ಕೋಸ್ಟ್‌ನ ಮ್ಯಾಜಿಕ್ ಮಿಲಿಯನ್ಸ್ ಹರಾಜಿನಲ್ಲಿ ವಿಂಕ್ಸ್ 2,30,000 ಆಸ್ಟ್ರೇಲಿಯನ್ ಡಾಲರಿಗೆ ಹೋಯಿತು. ಮೂವರು ಪಾಲುದಾರರು ಸೇರಿ ಕೊಂಡರು. ಬೆಲೆ ಕಡಿಮೆಯೇನಲ್ಲ, ಆದರೆ ಅಂಥ ಹರಾಜಿನಲ್ಲಿ ಹತ್ತು ಲಕ್ಷ ದಾಟುವ ಮರಿಗಳೂ ಇರುತ್ತವೆ. ಮುಂದೆ ಅದು ಗೆದ್ದ ಬಹುಮಾನದ ಹಣ 2 ಕೋಟಿ 60 ಲಕ್ಷ ಡಾಲರ್ ದಾಟಿತು.

ಮಧ್ಯದ ಬೆರಳಿನ ಮೇಲೆ ನಿಂತ ಅರ್ಧ ಟನ್

ಕೆಲವು ವರ್ಷಗಳ ಹಿಂದೆ, ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದ ಪರಿಚಯದವರೊಬ್ಬರ ಜೊತೆ ನಿಂತು ಒಂದು ಹೆಣ್ಣು ಕುದುರೆಗೆ ಲಾಳ ಹೊಡೆಯುವುದನ್ನು ನೋಡಿದ್ದೆ. ಲಾಳದವನು ಮುಂಗಾಲನ್ನು ಮಡಚಿ ತನ್ನ ತೊಡೆಗಳ ನಡುವೆ ಇಟ್ಟುಕೊಂಡ. ಗೊರಸಿನ ಅಂಚನ್ನು ನಾವು ಉಗುರು ಕತ್ತರಿಸುವ ಹಾಗೆ ಕತ್ತರಿಸಿದ, ಅರದಿಂದ ಉಜ್ಜಿದ. ಸುಟ್ಟ ಕೂದಲಿನಂಥ ವಾಸನೆ ಸುತ್ತೆಲ್ಲ ಹರಡಿತು. ಕುದುರೆ ಕಿವಿ ಹಿಂದಕ್ಕೆ ಮುಂದಕ್ಕೆ ಆಡಿಸುತ್ತ ಸುಮ್ಮನೆ ನಿಂತಿತ್ತು. ನನ್ನ ಪರಿಚಯದವರು ಆ ಕಾಲನ್ನು ತೋರಿಸಿ, ‘ಇಲ್ಲಿ ಮುಟ್ಟಿ ನೋಡಿ’ ಎಂದರು. ಮೊಣಕಾಲಿನ ಕೆಳಗೆ ಬೆರಳಿಟ್ಟೆ. ಎಲುಬು, ಅದರ ಹಿಂದೆ ಹುರಿಹಗ್ಗದಂತೆ ಬಿಗಿದ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ), ಮೇಲೆ ತೆಳು ಚರ್ಮ. ಮಾಂಸ ಎಂಬುದೇ ಇಲ್ಲ.

ಆ ಸ್ಪರ್ಶದಲ್ಲಿ ನನಗೆ ರೇಸ್ ಕುದುರೆಯ ಅರ್ಧ ಕಥೆ ತಿಳಿಯಿತು. ನಾವು ಕುದುರೆಯ ಮುಂಗಾಲಿನ ಮೊಣಕಾಲು ಎನ್ನುವುದು ನಿಜಕ್ಕೂ ಅದರ ಮಣಿಕಟ್ಟು. ಅದರ ಕೆಳಗಿರುವುದು ಒಂದೇ ಒಂದು ಬೆರಳು, ನಮ್ಮ ಕೈಯ ಮಧ್ಯದ ಬೆರಳು. ಗೊರಸು ಆ ಬೆರಳಿನ ಉಗುರು. ಸುಮಾರು ಐನೂರು ಕಿಲೋ ತೂಕದ ಪ್ರಾಣಿ ಪೂರ್ತಿ ವೇಗದಲ್ಲಿ ಓಡುವಾಗ ಒಂದೊಂದು ಗಳಿಗೆ ಆ ಭಾರವೆಲ್ಲ ಒಂದು ಕಾಲಿನ ಒಂದು ಬೆರಳ ಮೇಲೆ ಬೀಳುತ್ತದೆ. ಓಡಿಸುವ ಸ್ನಾಯುಗಳೆಲ್ಲ ಮೇಲೆ, ಭುಜ ಮತ್ತು ತೊಡೆಯಲ್ಲಿ ಇವೆ. ಕೆಳಗಿರುವ ಸ್ನಾಯುರಜ್ಜುಗಳು ರಬ್ಬರಿನಂತೆ ಹಿಗ್ಗಿ ಕುಗ್ಗಿ ಕಾಲನ್ನು ಎತ್ತಿ ಎಸೆಯುತ್ತವೆ. ಕಾಲು ಹಗುರವಾಗಿದ್ದಷ್ಟೂ ವೇಗ ಹೆಚ್ಚು, ಹಗುರವಾಗಿದ್ದಷ್ಟೂ ಅಪಾಯವೂ ಹೆಚ್ಚು. ಮಾಂಸವಿಲ್ಲದ ಕಡೆ ರಕ್ತ ಓಡಾಟ ಕಡಿಮೆ, ಆದ್ದರಿಂದ ಪೆಟ್ಟಾದರೆ ವಾಸಿಯಾಗುವುದೂ ನಿಧಾನ.

ಉಸಿರಿನದು ಇನ್ನೊಂದು ಬೆರಗು. ಕುದುರೆ ಬಾಯಿಂದ ಉಸಿರಾಡಲಾರದು, ಮೂಗಿನಿಂದ ಮಾತ್ರ. ನಾಗಾಲೋಟದಲ್ಲಿ ಪ್ರತಿ ನೆಗೆತಕ್ಕೂ ಒಂದೇ ಉಸಿರು, ಓಟದ ತಾಳಕ್ಕೇ ಕಟ್ಟಿಹಾಕಿದಂತೆ. ಸುಮ್ಮನೆ ನಿಂತಾಗ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಹೃದಯ ಓಟದಲ್ಲಿ 220 ದಾಟುತ್ತದೆ. ಗುಲ್ಮ, ಅಂದರೆ ಹಳ್ಳಿಯಲ್ಲಿ ನಾವು ತೊಳ್ಳೆ ಎನ್ನುವ ಅಂಗ, ಕೂಡಿಟ್ಟುಕೊಂಡಿದ್ದ ಕೆಂಪು ರಕ್ತಕಣಗಳನ್ನು ಓಡುವ ಹೊತ್ತಿಗೆ ರಕ್ತಕ್ಕೆ ಸುರಿದುಬಿಡುತ್ತದೆ. ತೂಬೆತ್ತಿ ಕೆರೆ ನೀರು ಬಿಟ್ಟ ಹಾಗೆ.

ವಿಂಕ್ಸ್‌ಳ ವಿಶೇಷ ಇಲ್ಲೇ ಇತ್ತು. ಸಾಮಾನ್ಯವಾಗಿ ರೇಸ್ ಕುದುರೆ 5 ಸೆಕೆಂಡಿಗೆ ಸುಮಾರು 12 ನೆಗೆತ ಹಾಕುತ್ತದೆ, ಇವಳು ಸುಮಾರು 14 ಹಾಕುತ್ತಿದ್ದಳು ಎಂದು ಅವಳ ಓಟ ಅಳೆದವರು ಲೆಕ್ಕ ಕೊಟ್ಟಿದ್ದಾರೆ. ಬೇಗ ಬೇಗ ಕಾಲೆತ್ತಿಡುವ ಕುದುರೆಯ ಹೆಜ್ಜೆ ಸಾಮಾನ್ಯವಾಗಿ ಗಿಡ್ಡವಾಗುತ್ತದೆ, ಇವಳ ಹೆಜ್ಜೆ ಉದ್ದವಾಗಿಯೇ ಉಳಿಯುತ್ತಿತ್ತು. ದೂರದಿಂದ ನೋಡಿದವರಿಗೆ ಉಳಿದ ಕುದುರೆಗಳು ದಣಿದು ನಿಧಾನವಾದಂತೆ ಕಂಡರೆ, ಇವಳೊಬ್ಬಳೇ ಅದೇ ತಾಳದಲ್ಲಿ ಬರುತ್ತಿದ್ದಳು.

ಎಳೆ ಹೋರಿಗೆ ನೊಗ ಹೂಡುವ ಮುಂಚೆ ರೈತ ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಕುದುರೆಯಲ್ಲೂ ಎಲುಬು ಬಲಿಯುವವರೆಗೆ ಕಾಯಬೇಕು. ಆದರೆ ರೇಸು ಎರಡನೇ ವರ್ಷಕ್ಕೇ ಶುರುವಾಗುತ್ತದೆ. ಟ್ರೇನರ್‌ನ ಜಾಣ್ಮೆ ಇರುವುದು ಇಲ್ಲೇ: ಹದವಾಗಿ ಓಡಿಸಿದರೆ ಎಲುಬು ಗಟ್ಟಿಯಾಗುತ್ತದೆ, ಮೀರಿ ಓಡಿಸಿದರೆ ಬಿರುಕು ಬಿಡುತ್ತದೆ. ಸಿಡ್ನಿಯ ಟ್ರೇನರ್ ಕ್ರಿಸ್ ವಾಲರ್ ವಿಂಕ್ಸ್‌ಳನ್ನು ಮೊದಲ ಸಲ ಓಡಿಸಿದ್ದು 2014ರ ಜೂನ್‌ನಲ್ಲಿ, ಎರಡು ವರ್ಷದವಳ ಸೀಸನ್ ಇನ್ನೇನು ಮುಗಿಯಬೇಕು ಎನ್ನುವಾಗ. ಆ ರೇಸನ್ನು ಅವಳು ಗೆದ್ದಳು.

ಗ್ರೂಪ್, ತೂಕ, ಲೆಂಗ್ತ್

ರೇಸ್ ಸುದ್ದಿಯಲ್ಲಿ ಬರುವ ಮೂರು ಪದ ಗೊತ್ತಿದ್ದರೆ ಸಾಕು.

ಗ್ರೂಪ್ 1 ಎಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ರೇಸ್. ಕೆಳಗೆ ಗ್ರೂಪ್ 2, ಗ್ರೂಪ್ 3 ಇವೆ. ತಾಲ್ಲೂಕು ಕ್ರೀಡಾಕೂಟ, ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಏರಿದ ಹಾಗೆ. ಒಂದು ಕುದುರೆ ಬದುಕಿನಲ್ಲಿ ಒಂದೇ ಒಂದು ಗ್ರೂಪ್ 1 ಗೆದ್ದರೂ ಅದರ ಮರಿಗಳ ಬೆಲೆ ಏರುತ್ತದೆ. ವಿಂಕ್ಸ್ ಗೆದ್ದದ್ದು 25.

ತೂಕ ಎಂದರೆ ಜಾಕಿ, ಜೀನು ಸೇರಿ ಕುದುರೆ ಹೊರಬೇಕಾದ ಭಾರ. ಜಾಕಿ ಹಗುರವಿದ್ದರೆ ಜೀನಿನ ಚೀಲದಲ್ಲಿ ಸೀಸದ ಪಟ್ಟಿ ಇಟ್ಟು ಸರಿದೂಗಿಸುತ್ತಾರೆ. ಹ್ಯಾಂಡಿಕ್ಯಾಪ್ ರೇಸಿನಲ್ಲಿ ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ಭಾರ, ಸಾಧಾರಣದ್ದಕ್ಕೆ ಕಡಿಮೆ, ಎಲ್ಲವೂ ಒಟ್ಟಿಗೆ ಗುರಿ ಮುಟ್ಟಲಿ ಎಂಬ ಉದ್ದೇಶ. ‘ವೇಟ್ ಫಾರ್ ಏಜ್’ ರೇಸಿನಲ್ಲಿ ಹಾಗಲ್ಲ, ವಯಸ್ಸು ಮತ್ತು ಲಿಂಗ ನೋಡಿ ಭಾರ ನಿಗದಿ ಮಾಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಹೆಣ್ಣು ಕುದುರೆಗೆ ಗಂಡಿಗಿಂತ 2 ಕಿಲೋ ಕಡಿಮೆ. ನನ್ನ ಅಕ್ಕನ ಮಗಳ ಪ್ರಶ್ನೆಗೆ ಪೂರ್ತಿ ಉತ್ತರ ಇದು: ಗಂಡು ಕುದುರೆ ಸರಾಸರಿಯಲ್ಲಿ ತುಸು ಬಲಶಾಲಿ, ಆ ವ್ಯತ್ಯಾಸವನ್ನು 2 ಕಿಲೋ ರಿಯಾಯಿತಿಯಿಂದ ತುಂಬುತ್ತಾರೆ, ಆಮೇಲೆ ಒಂದೇ ಗೆರೆಯಿಂದ ಓಡಿಸುತ್ತಾರೆ. ಮನುಷ್ಯರ ಓಟದಲ್ಲಿ ಗಂಡು ಹೆಣ್ಣಿಗಿರುವಷ್ಟು ಅಂತರ ಕುದುರೆಗಳಲ್ಲಿ ಇಲ್ಲ.

ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ, ಸುಮಾರು ಎರಡೂವರೆ ಮೀಟರ್. ಗೆಲುವಿನ ಅಂತರ ಹೇಳುವುದು ಇದರಲ್ಲೇ.

ಸೋಲು ನಿಂತ ದಿನ

ಮೊದಲ ಹತ್ತು ಓಟದಲ್ಲಿ ವಿಂಕ್ಸ್ ಗೆದ್ದದ್ದು ನಾಲ್ಕು, ಸೋತದ್ದು ಆರು. ಒಳ್ಳೆಯ ಕುದುರೆ, ಆದರೆ ದೇಶವೇ ತಿರುಗಿ ನೋಡುವಂಥದ್ದಲ್ಲ. 2015ರ ಏಪ್ರಿಲ್ 11ರಂದು ಸಿಡ್ನಿಯ ರ‍್ಯಾಂಡ್‌ವಿಕ್‌ನಲ್ಲಿ ನಡೆದ ಓಕ್ಸ್ ರೇಸಿನಲ್ಲಿ ಗಸ್ಟ್ ಆಫ್ ವಿಂಡ್ ಎಂಬ ಫಿಲ್ಲಿಯ ಹಿಂದೆ ಎರಡನೆಯದಾಗಿ ಬಂದಳು. ಅದೇ ಕೊನೆಯ ಸೋಲು. ಮುಂದಿನ ತಿಂಗಳು ಕ್ವೀನ್ಸ್‌ಲ್ಯಾಂಡ್‌ನ ಸನ್‌ಶೈನ್ ಕೋಸ್ಟ್ ಗಿನೀಸ್ ರೇಸಿನಲ್ಲಿ ಬಹಳ ಹಿಂದಿನಿಂದ ನುಗ್ಗಿ ಬಂದು ಗೆದ್ದಳು. ಅಲ್ಲಿಂದ 2019ರ ಏಪ್ರಿಲ್ 13ರವರೆಗೆ ಅವಳನ್ನು ಯಾವ ಕುದುರೆಯೂ ಹಿಂದೆ ಹಾಕಲಿಲ್ಲ.

ಆಸ್ಟ್ರೇಲಿಯಾದಲ್ಲಿ ಕಾಕ್ಸ್ ಪ್ಲೇಟ್ ಎಂಬ ರೇಸಿದೆ. ಮೆಲ್ಬರ್ನ್‌ನ ಮೂನಿ ವ್ಯಾಲಿಯಲ್ಲಿ 2040 ಮೀಟರ್, ವೇಟ್ ಫಾರ್ ಏಜ್, ಗಂಡು ಹೆಣ್ಣು ಎಲ್ಲಕ್ಕೂ ಮುಕ್ತ. ಕಿಂಗ್‌ಸ್ಟನ್ ಟೌನ್ ಎಂಬ ಕುದುರೆ 1980ರಿಂದ 1982ರವರೆಗೆ ಮೂರು ಸಲ ಅದನ್ನು ಗೆದ್ದಿತ್ತು, ಆ ದಾಖಲೆ ಮುರಿಯುವುದಿಲ್ಲ ಎಂದೇ ಜನ ನಂಬಿದ್ದರು. ವಿಂಕ್ಸ್ 2015ರಿಂದ 2018ರವರೆಗೆ ನಾಲ್ಕು ವರ್ಷ ನಾಲ್ಕು ಸಲ ಗೆದ್ದಳು. 2016ರಲ್ಲಿ ಅಂತರ ಎಂಟು ಲೆಂಗ್ತ್, ಅಂದರೆ ಇಪ್ಪತ್ತು ಮೀಟರಿನ ಹತ್ತಿರ. 2017ರಲ್ಲಿ ಹ್ಯೂಮಿಡಾರ್ ಎಂಬ ಕುದುರೆ ಕೊನೆಯಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರ ಬಂತು, ಅರ್ಧ ಲೆಂಗ್ತ್‌ನಲ್ಲಿ ಉಳಿದುಕೊಂಡಳು. ಆ ದಿನದ ಸಮಯ 2 ನಿಮಿಷ 2.94 ಸೆಕೆಂಡ್, ಆಗ ಅದು ಆ ಮೈದಾನದ ದಾಖಲೆಯಾಗಿತ್ತು, 2024ರಲ್ಲಿ ಮುರಿಯಿತು. ಲೆಕ್ಕ ಹಾಕಿ ನೋಡಿದರೆ ಗಂಟೆಗೆ ಸುಮಾರು 60 ಕಿಲೋಮೀಟರ್. ಕುಣಿಗಲ್‌ನಿಂದ ಹೈವೇಗೆ ಬೈಕ್ ಹತ್ತಿಸಿ ಮುಳ್ಳನ್ನು 60ಕ್ಕೆ ನಿಲ್ಲಿಸಿ ಎರಡು ನಿಮಿಷ ಹೋಗಿ ನೋಡಿ. ತಿರುವುಗಳಲ್ಲಿ, ಬೆನ್ನ ಮೇಲೆ ಮನುಷ್ಯನನ್ನು ಹೊತ್ತು, ಸುತ್ತ ಏಳೆಂಟು ಕುದುರೆಗಳ ಗೊರಸಿನ ನಡುವೆ ಆ ವೇಗ.

ನನಗೆ ಕಾಕ್ಸ್ ಪ್ಲೇಟ್‌ಗಿಂತ ದೊಡ್ಡದಾಗಿ ಕಾಣುವುದು ಬೇರೊಂದು ರೇಸ್. 2017ರ ಆಗಸ್ಟ್, ರ‍್ಯಾಂಡ್‌ವಿಕ್, ವಾರಿಕ್ ಸ್ಟೇಕ್ಸ್, ಬರೀ 1400 ಮೀಟರ್. ಗೇಟ್ ತೆರೆಯಿತು, ಉಳಿದ ಕುದುರೆಗಳೆಲ್ಲ ಹೊರಗೆ ಬಿದ್ದವು, ವಿಂಕ್ಸ್ ಮಾತ್ರ ತಡೆದಳು. ಕ್ಷಣಾರ್ಧದಲ್ಲಿ ಹಲವು ಲೆಂಗ್ತ್ ಹಿಂದೆ ಬಿದ್ದಾಗಿತ್ತು. ಚಿಕ್ಕ ರೇಸಿನಲ್ಲಿ ಅಷ್ಟು ಹಿಂದೆ ಬಿದ್ದರೆ ಕಥೆ ಮುಗಿದಂತೆಯೇ. ಜಾಕಿ ಹ್ಯೂ ಬೌಮನ್ ಗಾಬರಿ ಬಿದ್ದು ಅವಳನ್ನು ತಕ್ಷಣ ಅಟ್ಟಲಿಲ್ಲ. ಹಾಗೆ ಅಟ್ಟಿದ್ದರೆ ಮಧ್ಯದಲ್ಲೇ ಉಸಿರು ಬರಿದಾಗುತ್ತಿತ್ತು. ಕೊನೆಯಲ್ಲೇ ಬಿಟ್ಟು, ನೇರ ದಾರಿ ಸಿಕ್ಕ ಮೇಲೆ ಹೊರಗಿನಿಂದ ತಂದರು. ಫಾಕ್ಸ್‌ಪ್ಲೇ ಎಂಬ ಕುದುರೆ ಗೆದ್ದೇಬಿಟ್ಟಿತು ಎನ್ನುವಾಗ ಕೊನೆಯ ನೆಗೆತದಲ್ಲಿ ವಿಂಕ್ಸ್‌ಳ ಮೂಗು ಮುಂದೆ ಬಂತು. ಫಾಕ್ಸ್‌ಪ್ಲೇ ಕೂಡ ವಾಲರ್ ಅವರದೇ ಲಾಯದ ಕುದುರೆ.

ಸತತ 33 ಎಂದರೆ ಅರ್ಥ ಇದು. ಆ ಒಂದು ಕ್ಷಣ ಇನ್ನೊಂದು ಮೀಟರ್ ಕಡಿಮೆ ಬಿದ್ದಿದ್ದರೆ ಎಣಿಕೆ 17ಕ್ಕೇ ನಿಲ್ಲುತ್ತಿತ್ತು. ಒಂದು ದಿನ ಕೆಮ್ಮಿದ್ದರೆ, ಒಂದು ಬೆಳಿಗ್ಗೆ ಗೊರಸಿಗೆ ಕಲ್ಲು ಚುಚ್ಚಿದ್ದರೆ, ಮಳೆಗೆ ನೆಲ ಕೆಸರಾದಾಗ ಕಾಲು ಜಾರಿದ್ದರೆ, ಬೆದೆಯ ದಿನಗಳಲ್ಲಿ ಮೇವು ಬಿಟ್ಟಿದ್ದರೆ ಮುಗಿಯುತ್ತಿತ್ತು. ಹೆಣ್ಣು ಕುದುರೆ ವಸಂತದಿಂದ ಮೂರು ವಾರಕ್ಕೊಮ್ಮೆ ಬೆದೆಗೆ ಬರುತ್ತದೆ. ಆಗ ಕೆಲವಕ್ಕೆ ಗಮನ ನಿಲ್ಲುವುದಿಲ್ಲ, ಕೆಲವು ಬೆನ್ನು ಮುಟ್ಟಿದರೂ ಸಿಡಿಯುತ್ತವೆ. ಕಾಕ್ಸ್ ಪ್ಲೇಟ್ ನಡೆಯುವುದೂ ಅಲ್ಲಿನ ವಸಂತದಲ್ಲೇ. ಅಷ್ಟೇ ಅಲ್ಲ, ರ‍್ಯಾಂಡ್‌ವಿಕ್‌ನಲ್ಲಿ ಕುದುರೆ ಬಲಕ್ಕೆ ತಿರುಗುತ್ತ ಓಡಬೇಕು, ಮೂನಿ ವ್ಯಾಲಿಯಲ್ಲಿ ಎಡಕ್ಕೆ. ಕುದುರೆಗೆ ನಮ್ಮಂತೆ ಬಲಗೈ ಎಡಗೈ ವಾಡಿಕೆ ಇದೆ, ತಿರುವಿನಲ್ಲಿ ಯಾವ ಕಾಲು ಮುಂದಿಡಬೇಕು ಎಂಬುದನ್ನು ಕಲಿಯಬೇಕು. ಎರಡೂ ಕಡೆ ಒಂದೇ ಸಮ ಓಡುವ ಕುದುರೆ ಅಪರೂಪ.

ವಾಲರ್ ಅವಳನ್ನು ಯದ್ವಾತದ್ವಾ ಓಡಿಸಲಿಲ್ಲ. ಐದು ಸೀಸನ್ ದಾಟಿಯೂ ಒಟ್ಟು ಓಟ 43. ಕೆಲವು ರೇಸ್ ಆದ ಮೇಲೆ ಲಾಳ ಬಿಚ್ಚಿ ವಾರಗಟ್ಟಲೆ ಹುಲ್ಲುಗಾವಲಿಗೆ ಬಿಡುತ್ತಿದ್ದರು, ಮತ್ತೆ ತಂದು ನಿಧಾನಕ್ಕೆ ಹದಕ್ಕೆ ತರುತ್ತಿದ್ದರು. ರಾಗಿ ಹೊಲವನ್ನು ಒಂದು ಬೆಳೆ ಬೀಳು ಬಿಟ್ಟು ಮತ್ತೆ ಬಿತ್ತುವ ರೈತನಿಗೆ ಇದರ ಲೆಕ್ಕ ಹೇಳಿಕೊಡಬೇಕಿಲ್ಲ.

ಇನ್ನೊಂದು ಹೆಸರು ಇಲ್ಲಿ ಬರಬೇಕು. ವಿಂಕ್ಸ್‌ಗಿಂತ ಸ್ವಲ್ಪ ಮುಂಚೆ ಅದೇ ದೇಶದ ಬ್ಲ್ಯಾಕ್ ಕೇವಿಯರ್ ಎಂಬ ಮೇರ್ ಓಡಿದ 25 ರೇಸನ್ನೂ ಗೆದ್ದು, ಸೋಲೇ ಕಾಣದೆ ನಿವೃತ್ತಿಯಾಗಿತ್ತು. ಅವಳು ಚಿಕ್ಕ ದೂರದ ವೇಗದ ಓಟದವಳು. 2018ರ ಆಗಸ್ಟ್‌ನಲ್ಲಿ ವಿಂಕ್ಸ್ ಸತತ 26ನೆಯ ಗೆಲುವಿನಿಂದ ಅವಳನ್ನು ದಾಟಿದಳು. ಯಾರು ದೊಡ್ಡವಳು ಎಂದು ಅಲ್ಲಿನವರು ಈಗಲೂ ಜಗಳ ಆಡುತ್ತಾರೆ. 1200 ಮೀಟರಿನವಳನ್ನೂ 2000 ಮೀಟರಿನವಳನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ ಎಂದು ನನ್ನ ಅನಿಸಿಕೆ. 2018ರ ವಿಶ್ವ ಶ್ರೇಯಾಂಕದಲ್ಲಿ ಯುರೋಪಿನ ಕ್ರ್ಯಾಕ್ಸ್‌ಮನ್ ಎಂಬ ಗಂಡು ಕುದುರೆಯ ಜೊತೆ ವಿಂಕ್ಸ್ ಮೊದಲ ಸ್ಥಾನ ಹಂಚಿಕೊಂಡಳು.

2019ರ ಏಪ್ರಿಲ್ 13, ಅದೇ ರ‍್ಯಾಂಡ್‌ವಿಕ್. ನಾಲ್ಕು ವರ್ಷದ ಹಿಂದೆ ಅದೇ ತಿಂಗಳು ಸೋತಿದ್ದ ಮೈದಾನ. ನಲವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಕ್ವೀನ್ ಎಲಿಜಬೆತ್ ಸ್ಟೇಕ್ಸ್ ಗೆದ್ದು ವಿಂಕ್ಸ್ ಓಟ ಮುಗಿಸಿದಳು. 43ರಲ್ಲಿ 37 ಗೆಲುವು.

ಓಟ ಮುಗಿದ ಮೇಲೆ

ಗೆದ್ದ ಗಂಡು ಕುದುರೆಯ ಎರಡನೇ ಬದುಕು ಸಲೀಸು. ಒಂದು ಸೀಸನ್ನಿನಲ್ಲಿ ನೂರಕ್ಕೂ ಹೆಚ್ಚು ಹೆಣ್ಣು ಕುದುರೆಗಳಿಗೆ ಬೀಜ ಕೊಡಬಲ್ಲದು, ಕೆಲವೇ ವರ್ಷಗಳಲ್ಲಿ ಅದರ ಮಕ್ಕಳು ದೇಶದ ತುಂಬ ಓಡುತ್ತಿರುತ್ತವೆ. ಹೆಣ್ಣಿಗೆ ಹಾಗಿಲ್ಲ. ಹನ್ನೊಂದು ತಿಂಗಳ ಗಬ್ಬ, ವರ್ಷಕ್ಕೆ ಹೆಚ್ಚೆಂದರೆ ಒಂದು ಮರಿ. ಅವಳಿ ಗರ್ಭ ನಿಂತರೆ ಎರಡೂ ಉಳಿಯುವುದು ಕಷ್ಟ, ಅದಕ್ಕೆ ಶುರುವಿನಲ್ಲೇ ಸ್ಕ್ಯಾನ್ ಮಾಡಿ ಪಶುವೈದ್ಯರು ಒಂದನ್ನು ತೆಗೆಯುತ್ತಾರೆ. ಹಸುಗಳಲ್ಲಿ ಮಾಡುವಂತೆ ಭ್ರೂಣ ತೆಗೆದು ಬೇರೆ ತಾಯಿಯ ಹೊಟ್ಟೆಯಲ್ಲಿ ಬೆಳೆಸಲು ಥರೋಬ್ರೆಡ್ ನಿಯಮ ಒಪ್ಪುವುದಿಲ್ಲ. ಮೊದಲೇ ಹೇಳಿದ್ದೆನಲ್ಲ, ಜೋಡಿ ಕೂಡಿಯೇ ಆಗಬೇಕು, ತಾಯಿ ತಾನೇ ಹೊರಬೇಕು. ಹೀಗಾಗಿ ಎಂಥ ಚಾಂಪಿಯನ್ ಹೆಣ್ಣು ಕುದುರೆಯಾದರೂ ಬದುಕಿನಲ್ಲಿ ಬಿಟ್ಟುಹೋಗುವುದು ಹತ್ತೋ ಹನ್ನೆರಡೋ ಮರಿ, ಎಷ್ಟೋ ಸಲ ಅದಕ್ಕಿಂತ ಕಡಿಮೆ.

ಆ ಎಣಿಕೆಯಲ್ಲಿ ಒಂದೊಂದು ಕಳೆದುಹೋದರೂ ಎಷ್ಟು ದೊಡ್ಡ ನಷ್ಟ ಎಂಬುದು ಫಾರ್ಮಿನಲ್ಲಿ ದುಡಿದವರಿಗೆ ಗೊತ್ತು. 2020ರ ಅಕ್ಟೋಬರ್‌ನಲ್ಲಿ ವಿಂಕ್ಸ್ ತನ್ನ ಮೊದಲ ಮರಿಯನ್ನು ಕಳೆದುಕೊಂಡಳು, ಐ ಆಮ್ ಇನ್ವಿನ್ಸಿಬಲ್ ಎಂಬ ಸ್ಟಾಲಿಯನ್‌ನಿಂದ ಆದ ಹೆಣ್ಣು ಮರಿ. ಬ್ಲ್ಯಾಕ್ ಕೇವಿಯರ್ 2024ರ ಆಗಸ್ಟ್‌ನಲ್ಲಿ, ಹದಿನೆಂಟು ತುಂಬುವ ಮುಂಚೆ, ಮರಿ ಹಾಕಿದ ಸ್ವಲ್ಪದರಲ್ಲೇ ತೀರಿಕೊಂಡಳು. ಕಾರಣ ಲ್ಯಾಮಿನೈಟಿಸ್. ಗೊರಸಿನ ಗಟ್ಟಿ ಹೊದಿಕೆಯನ್ನು ಒಳಗಿನ ಎಲುಬಿಗೆ ಅಂಟಿಸಿ ಹಿಡಿದಿರುವ ಪದರ ಊದಿಕೊಂಡು ಸಡಿಲವಾಗುವ ಕಾಯಿಲೆ ಅದು. ಉಗುರು ಕಿತ್ತುಬಂದ ಬೆರಳ ಮೇಲೆ ಐನೂರು ಕಿಲೋ ಹೊತ್ತು ನಿಂತಂತೆ. ಕುದುರೆ ಬಹುಪಾಲು ನಿಂತೇ ಬದುಕುವ ಪ್ರಾಣಿ, ಆದ್ದರಿಂದ ಮಲಗಿಸಿ ವಾಸಿ ಮಾಡಲಾಗುವುದಿಲ್ಲ.

2022ರ ಅಕ್ಟೋಬರ್‌ನಲ್ಲಿ ವಿಂಕ್ಸ್ ಮತ್ತೆ ಈದಳು. ಪಿಯರೋ ಎಂಬ ಸ್ಟಾಲಿಯನ್‌ನಿಂದ ಹುಟ್ಟಿದ ಹೆಣ್ಣು ಮರಿ, ಎದ್ದು ನಿಂತಿತು, ಹಾಲು ಕುಡಿಯಿತು. 2024ರ ಏಪ್ರಿಲ್‌ನಲ್ಲಿ ಸಿಡ್ನಿಯ ಇಂಗ್ಲಿಸ್ ಈಸ್ಟರ್ ಹರಾಜಿನಲ್ಲಿ ಅದು ಸುತ್ತಿಗೆಯಡಿ ಬಂತು. ಕೂಗು ಏರುತ್ತ ಏರುತ್ತ 1 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಹೋಗಿ ನಿಂತಿತು, ತಾಯಿಗೆ ಕೊಟ್ಟ ಬೆಲೆಯ ನಲವತ್ತು ಪಟ್ಟಿಗೂ ಮಿಕ್ಕಿ. ಒಂದು ರೇಸೂ ಓಡದ ಮರಿ. ಕೊಂಡವರು ಡೆಬ್ಬಿ ಕೆಪಿಟಿಸ್, ವಿಂಕ್ಸ್‌ಳ ಮೂವರು ಪಾಲುದಾರರಲ್ಲಿ ಒಬ್ಬರು. ತನ್ನದೇ ಪಾಲಿದ್ದ ಮರಿಯನ್ನು ಬೇರೆಯವರಿಗೆ ಬಿಡಲಾರದೆ ಕೂಗಿ ಕೂಗಿ ಮನೆಗೇ ಉಳಿಸಿಕೊಂಡರು.